ಜಾರ್ಜಿಯಾದ 'ಮಾಮಾ' ನಮ್ಮ ಸೋದರಮಾವನಲ್ಲ

ಪ್ರಶ್ನೆ: ಮಗ ಜಾರ್ಜಿಯಾದ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಅಲ್ಲಿ ಮಕ್ಕಳು ಅಪ್ಪನನ್ನು 'ಮಾಮಾ' ಎನ್ನುತ್ತಾರಂತೆ. ಆ ಭಾಷೆ ಕನ್ನಡದಿಂದಲೇ ಹುಟ್ಟಿದ್ದೆಂದು ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ?

ಉತ್ತರ: ಮಗ ಹೇಳಿದ್ದು ಸರಿ, ವಿಡಿಯೊದವರು ಹೇಳಿದ್ದು ಬೊಗಳೆ. ಜಾರ್ಜಿಯನ್ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ, ದೇದಾ ಎಂದರೆ ಅಮ್ಮ. ಟಿಬಿಲಿಸಿಯ ಗುಡ್ಡದ ಮೇಲೆ ಎಡಗೈಯಲ್ಲಿ ದ್ರಾಕ್ಷಾರಸದ ಬಟ್ಟಲು, ಬಲಗೈಯಲ್ಲಿ ಕತ್ತಿ ಹಿಡಿದು ನಿಂತ ಹೆಂಗಸಿನ ಪ್ರತಿಮೆಯ ಹೆಸರೂ 'ಕಾರ್ತ್ಲಿಸ್ ದೇದಾ', ಅಂದರೆ ಜಾರ್ಜಿಯಾದ ಕಾರ್ತ್ಲಿ ಎಂಬ ನಾಡಿನ ತಾಯಿ. ಚರ್ಚಿನ ಪಾದ್ರಿಯನ್ನು 'ಮಾಮಾವೊ' ಎಂದು ಕರೆಯುತ್ತಾರೆ. ಅವರೇನು ಊರಿಗೆಲ್ಲ ಸೋದರಮಾವನೇ?

ತುಟಿ ಮುಚ್ಚಿ ತೆರೆದರೆ ಮ, ಪ, ಬ ತಾವಾಗಿ ಹೊರಡುತ್ತವೆ. ಕೂಸು ಯಾರನ್ನೂ ಕರೆಯುತ್ತಿರುವುದಿಲ್ಲ; ಆ ಸದ್ದನ್ನು ಹಿರಿಯರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಇಂಗ್ಲಿಷಿನವರಲ್ಲಿ ಅದು ತಾಯಿಯ ಪಾಲಾಯಿತು, ಜಾರ್ಜಿಯಾದಲ್ಲಿ ತಂದೆಯ ಪಾಲಾಯಿತು, ನಮ್ಮಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ಹೋಯಿತು. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಈ ತೊದಲು ಮಾತುಗಳ ಗುಟ್ಟನ್ನು ಕಳೆದ ಶತಮಾನದಲ್ಲೇ ಬಿಡಿಸಿಟ್ಟಿದ್ದಾರೆ. ಭಾಷೆಗಳ ನಂಟಿಗೆ ಇವುಗಳಷ್ಟು ಕೆಟ್ಟ ಸಾಕ್ಷಿ ಬೇರೊಂದಿಲ್ಲ.

ನಂಟಿದ್ದರೆ ಸದ್ದುಗಳ ವ್ಯತ್ಯಾಸಕ್ಕೂ ಒಂದು ಕಟ್ಟು ಇರುತ್ತದೆ. ತಮಿಳಿನ ಪಾಲ್, ಪಲ್, ಪುಲಿ ನಮ್ಮಲ್ಲಿ ಹಾಲು, ಹಲ್ಲು, ಹುಲಿ. ಹಳಗನ್ನಡದಲ್ಲಿ ನಾವೂ 'ಪ' ಎನ್ನುತ್ತಿದ್ದವರೇ. ಜಾರ್ಜಿಯನ್ನಿನ ನಿಜವಾದ ದಾಯಾದಿ ಪಕ್ಕದ ಮಿಂಗ್ರೇಲಿಯನ್: ಅಲ್ಲಿ ಅಪ್ಪ ಮುಮಾ, ಅಮ್ಮ ದಿದಾ. ಕನ್ನಡದೊಂದಿಗೆ ಹೋಲಿಸಲೇಬೇಕೆಂದಿದ್ದರೆ ಎಣಿಕೆ ತೆಗೆದುಕೊಳ್ಳಿ: ಎರ್ತಿ, ಓರಿ, ಸಾಮಿ. ಸಾಮಿ ಎಂದರೆ ಮೂರು. ಇದನ್ನು ಹಿಡಿದು ಯಾರಾದರೂ ತ್ರಿಮೂರ್ತಿಗಳ ಕತೆ ಕಟ್ಟುವ ಮುಂಚೆ ನಿಲ್ಲಿಸುತ್ತೇನೆ.

ಪ್ರಶ್ನೆ: ಕೆನಡಾಕ್ಕೆ ಹೆಸರಿಟ್ಟವರು ಕನ್ನಡಿಗರೇ?

ಉತ್ತರ: ಅಲ್ಲ. 1535ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆಗೆ ಅಲ್ಲಿನ ಮೂಲನಿವಾಸಿಗಳು ಹೇಳಿದ 'ಕನಾಟಾ', ಅಂದರೆ ಊರು, ದೇಶದ ಹೆಸರಾಯಿತು. ರಾಜ್ಯೋತ್ಸವ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಮುಂದಿನ ನವೆಂಬರಿಗೂ ಇದೇ ಉತ್ತರ.

ಪ್ರಶ್ನೆ: ಚೀನೀ ಭಾಷೆಯಲ್ಲೂ 'ನೀ' ಎಂದರೆ ನೀನು ಎಂದೇ ಅರ್ಥವಂತೆ?

ಉತ್ತರ: ಹೌದು. ಕಾಕತಾಳೀಯ.

ಪ್ರಶ್ನೆ: ಯಾವ ಭಾಷೆಯಲ್ಲೂ ಕೆಟ್ಟ ಅರ್ಥ ಬಾರದ ಹೆಸರೊಂದನ್ನು ಮಗಳಿಗೆ ಸೂಚಿಸಿ.

ಉತ್ತರ: ಜಗತ್ತಿನಲ್ಲಿ ಸಾವಿರಾರು ಭಾಷೆಗಳಿವೆ. ಎಲ್ಲವನ್ನೂ ಜಾಲಾಡಿ ಹೆಸರು ಕೊಡುತ್ತೇವೆಂದು ಶುಲ್ಕ ಕೇಳುವವರಿಗೆ ಬಿಡಿಗಾಸನ್ನೂ ಕೊಡಬೇಡಿ. ಮಗು ಬೆಳೆಯುವ ಊರಿನ ನಾಲ್ಕು ಜನರ ಮುಂದೆ ಒಮ್ಮೆ ಕೂಗಿ ನೋಡಿ. ಯಾರೂ ನಗದಿದ್ದರೆ ಇಟ್ಟುಬಿಡಿ.