ಪ್ರತಿಕ್ರಿಯೆ: ಪತ್ತೇದಾರಿ ಕಾದಂಬರಿ ಆರನೇ ಅಧ್ಯಾಯದಲ್ಲೇ ನಿಂತುಹೋಗಿದೆ

ನಿಮ್ಮ ಖಾಸಗಿ ಪತ್ತೇದಾರ ಮೂರನೇ ಅಧ್ಯಾಯದಲ್ಲೇ ಕಾಣೆಯಾದ ಹುಡುಗಿಯ ಫೋನ್ ಕರೆಗಳ ಪಟ್ಟಿ ತರಿಸಿಕೊಳ್ಳುತ್ತಾನೆ ಅಂದಿರಿ. ಕಥೆ ನಿಂತಿದ್ದಕ್ಕೆ ಬಹುಶಃ ಅದೇ ಕಾರಣ. ಹಸ್ತಪ್ರತಿ ಓದದೆ ಹೇಳುತ್ತಿದ್ದೇನೆ, ಆದರೆ ನೀವು ಅವನಿಗೆ ಪೊಲೀಸರ ಅಧಿಕಾರ ಕೊಟ್ಟುಬಿಟ್ಟಿದ್ದೀರಿ. ನಮ್ಮ ದೇಶದಲ್ಲಿ ಆ ಪಟ್ಟಿ ಖಾಸಗಿ ಪತ್ತೇದಾರರಿಗೆ ಸಿಗುವುದಿಲ್ಲ. ಕದ್ದು ತರಿಸಿದರೆ ಅಪರಾಧ.

ಮೊದಲು ಆ ದೃಶ್ಯ ತೆಗೆಯಿರಿ. ಆಮೇಲೆ ಅವನನ್ನು ಓಡಾಡಿಸಿ: ಪಿಜಿಯ ಅಡುಗೆಯವರು, ಹಳೆಯ ಸಹೋದ್ಯೋಗಿ, ಎದುರಿನ ಅಂಗಡಿಯವರು. ಪ್ರತಿಯೊಬ್ಬರೂ ಒಂದಿಷ್ಟು ಮುಚ್ಚಿಡಲಿ. ಆಸ್ತಿ ಜಗಳ ಇದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಆ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಪತ್ರ) ತೆಗೆಸಲಿ. ಅವಳು ಕಾಣೆಯಾದ ಮೇಲೆ ಜಮೀನು ನೋಂದಣಿಯಾಗಿ ಕೈ ಬದಲಾಗಿದ್ದರೆ ಅದರಲ್ಲೇ ಗೊತ್ತಾಗುತ್ತದೆ.

ಮುಂದೆ, ಪತ್ತೇದಾರನನ್ನು ಕೆಲಸಕ್ಕೆ ಹಚ್ಚಿದ ಹುಡುಗಿಯ ಅಪ್ಪನ ಬಗ್ಗೆ ಯೋಚಿಸಿ. ಹುಡುಗಿಗೆ 24 ವರ್ಷ ಅಲ್ವಾ? ತನ್ನಿಷ್ಟದಿಂದ ಮನೆ ಬಿಟ್ಟಿದ್ದರೆ ಅವಳನ್ನು ಯಾರೂ ಬಲವಂತವಾಗಿ ಕರೆತರುವಂತಿಲ್ಲ, ಪೊಲೀಸರೂ ಕೂಡ. ಹಾಗಾಗಿ ಅವಳು ಕಥೆಯ ಮಧ್ಯದಲ್ಲೇ ಸಿಕ್ಕಿಬಿಡಲಿ. ಅವಳ ವಿಳಾಸವನ್ನು ಪತ್ತೇದಾರ ಅಪ್ಪನಿಗೆ ಕೊಡಬೇಕೋ ಬೇಡವೋ? ನನಗೆ ಇದೇ ಕಥೆಯ ಜೀವ ಅನ್ನಿಸುತ್ತದೆ. ಸುಮ್ನೆ ಆರನೇ ಅಧ್ಯಾಯ ತಿದ್ದುತ್ತ ಕೂರಬೇಡಿ. ಪತ್ತೇದಾರ ಮತ್ತು ಹುಡುಗಿಯ ಭೇಟಿಯ ದೃಶ್ಯ ಮೊದಲು ಬರೆದು, ಸುಳಿವುಗಳನ್ನು ಅಲ್ಲಿಂದ ಹಿಂದಕ್ಕೆ ಜೋಡಿಸುತ್ತ ಬನ್ನಿ.