ಫ್ರಾಯ್ಡ್, ವಾಟ್ಸನ್, ಪಿಯಾಜೆ: ಇಷ್ಟು ಜನರಲ್ಲಿ ಯಾರು ಸರಿ, ಎಲ್ಲಿಂದ ಓದಲಿ?

ನೀವು ಬಿಎಗೆ ಸೈಕಾಲಜಿ ತಗೊಂಡಿದ್ದೀರಿ. ಮೊದಲ ಸೆಮಿಸ್ಟರ್‌ನಲ್ಲೇ ಹೆಸರುಗಳ ರಾಶಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ.

ನಾನು ಮಾನಸಗಂಗೋತ್ರಿಯಲ್ಲಿ ಎಂಎ ಮಾಡಿದವಳು. ಈಗ ಮಂಡ್ಯದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ಮಾತು ಇಷ್ಟೇ: ಎಲ್ಲರನ್ನೂ ಒಟ್ಟಿಗೆ ಓದಬೇಡಿ. ಒಬ್ಬರನ್ನು ಹಿಡಿಯಿರಿ, ಅವರನ್ನು ಕಾಡಿದ ಪ್ರಶ್ನೆ ಯಾವುದು ಅಂತ ಹುಡುಕಿ. ನನಗೆ ದಾರಿ ತೆರೆದವನು ಪಿಯಾಜೆ.

ಒಂದು ಸಲ ತಮ್ಮನ ಮಗಳಿಗೆ ಕಬ್ಬಿನ ಹಾಲು ಕೊಡಿಸಿದ್ದೆ. ಆಗ ಅವಳಿಗೆ ಐದು ವರ್ಷ. ಎರಡು ಲೋಟದಲ್ಲೂ ಒಂದೇ ಸಮ ಇತ್ತು, ಅವಳೂ ಒಪ್ಪಿದಳು. ನನ್ನ ಲೋಟದ್ದನ್ನು ಅವಳ ಕಣ್ಣೆದುರೇ ಒಂದು ಉದ್ದನೆಯ, ಸಣ್ಣ ಬಾಯಿಯ ಲೋಟಕ್ಕೆ ಸುರಿದೆ. 'ಈಗ ಯಾರದು ಜಾಸ್ತಿ?' ಅಂದೆ. 'ನಿಂದೇ ಜಾಸ್ತಿ ಅತ್ತೆ' ಅಂತ ಮುಖ ಊದಿಸಿಕೊಂಡಳು.

ಇದು ಪಿಯಾಜೆಯ ಪ್ರಯೋಗ. 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆತ ಮೊದಲು ಓದಿದ್ದು ಜೀವಶಾಸ್ತ್ರ. ಆಮೇಲೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಗಳ ಕೆಲಸಕ್ಕೆ ಸೇರಿದ. ಉಳಿದವರು ಸರಿ ಉತ್ತರ ಎಣಿಸುತ್ತಿದ್ದರು, ಇವನ ಕಣ್ಣು ತಪ್ಪು ಉತ್ತರಗಳ ಮೇಲೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಾರಲ್ಲ, ಯಾಕೆ? ಮಗು ಕಡಿಮೆ ಯೋಚಿಸುವುದಿಲ್ಲ, ಬೇರೆ ರೀತಿ ಯೋಚಿಸುತ್ತದೆ ಅಂತ ಅವನಿಗೆ ಕಂಡಿತು. ಮಗುವಿನ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಪುಸ್ತಕದಲ್ಲಿ ಹೇಳಿರುವ ನಾಲ್ಕು ಹಂತಗಳು ಹುಟ್ಟಿದ್ದು ಈ ಪ್ರಶ್ನೆಯಿಂದ. ಈ ಮಾತು ಗೊತ್ತಾದ ಮೇಲೆ ತಪ್ಪು ಲೆಕ್ಕ ಮಾಡಿದ ಮಗುವಿನ ಮೇಲೆ ರೇಗಲು ನನಗೆ ಮನಸ್ಸೇ ಬಂದಿಲ್ಲ.

ಹಾಗಾದರೆ ಪಿಯಾಜೆ ಪೂರ್ತಿ ಸರಿಯಾ? ಇಲ್ಲ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅನ್ನುವ ಸಂಶೋಧಕರು ಇಂಥದ್ದೇ ಪರೀಕ್ಷೆ ಮಾಡಿದರು. ಸಮನಾದ ಎರಡು ಸಾಲು ಬಿಲ್ಲೆ. ಒಂದು ಸಾಲನ್ನು ಕೆಡಿಸಿದ್ದು ಮಾತ್ರ ದೊಡ್ಡವರಲ್ಲ, ಒಂದು 'ತುಂಟ' ಕರಡಿ ಬೊಂಬೆ. ಆಗ ಬಹಳ ಹೆಚ್ಚು ಮಕ್ಕಳು 'ಎರಡರಲ್ಲೂ ಅಷ್ಟೇ ಇದೆ' ಅಂತ ಸರಿಯಾಗಿ ಹೇಳಿದರು! ದೊಡ್ಡವರು ಬೇಕಂತಲೇ ಏನೋ ಬದಲಾಯಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಅಂತ ಮಗುವಿಗೆ ಅನ್ನಿಸಬಹುದು, ಅಲ್ವಾ? ನಾನೂ ಲೋಟ ಹಿಡಿದು ಅದನ್ನೇ ಮಾಡಿದ್ದೆ.

ಇಲ್ಲಿಂದ ವೈಗೋಟ್‌ಸ್ಕಿಗೆ ಹೋಗಿ. ಅವನೂ 1896ರಲ್ಲೇ ಹುಟ್ಟಿದವನು, ಆಗಿನ ರಷ್ಯಾ ಸಾಮ್ರಾಜ್ಯದವನು. 37ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ. ಮಗು ಒಂಟಿಯಾಗಿ ಏನು ಮಾಡುತ್ತದೆ ಅನ್ನುವುದಷ್ಟೇ ಸಾಲದು, ತಿಳಿದವರು ಸ್ವಲ್ಪ ಕೈ ಹಿಡಿದರೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ ಅಂದ. ಮೇಷ್ಟ್ರ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಮಾತು ನಾನು ಕಂಡಿಲ್ಲ.

ಉಳಿದವರನ್ನೂ ಹೀಗೇ ಓದಿ. ಫ್ರಾಯ್ಡ್ ಎದುರು ಕೂತವರು ಮನಸ್ಸಿನ ತೊಂದರೆಯಿಂದ ನರಳುತ್ತಿದ್ದ ರೋಗಿಗಳು. 1913ರಲ್ಲಿ ವಾಟ್ಸನ್ ಕೇಳಿದ್ದು, ಕಣ್ಣಿಗೆ ಕಾಣದ ಮನಸ್ಸಿನ ಓದನ್ನು ವಿಜ್ಞಾನ ಅನ್ನುವುದು ಹೇಗೆ ಅಂತ. ಇಬ್ಬರೂ ನೋಡುತ್ತಿದ್ದದ್ದೇ ಬೇರೆ ಬೇರೆ.

ಇವೆಲ್ಲ ಎಲ್ಲೋ ದೂರದ ಹೆಸರುಗಳು ಅಂದುಕೊಳ್ಳಬೇಡಿ. ನಿಮ್ಮ ಪುಸ್ತಕದ ಮೊದಲ ಪಾಠದಲ್ಲಿ ಬರುವ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದ. ಅಲ್ಲಿ ಕಲಿತವನು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತವರು ನಮ್ಮ ಎಂ. ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಶುರುವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ರೇಡಿಯೋ ಶುರು ಮಾಡಿದವರೂ ಅವರೇ. ನೀವು ತೆರೆದಿರುವ ಪುಸ್ತಕದ ಮೊದಲ ಪಾಠದಿಂದ ನಮ್ಮೂರಿಗೆ ಇರುವುದು ಮೂರೇ ಹೆಜ್ಜೆ.

ನಿಮ್ಮ ಮನೆಯ ಹತ್ತಿರ ನಾಲ್ಕೈದು ವರ್ಷದ ಮಗು ಇದ್ದರೆ ಎರಡು ಲೋಟ ತಗೊಂಡು ಕೂತುಕೊಳ್ಳಿ. ಹೇಳಿದ ಉತ್ತರ ಬರೆದಿಡಿ, ಯಾಕೆ ಅಂತಲೂ ಕೇಳಿ. ನನ್ನ ತಮ್ಮನ ಮಗಳಿಗೆ ಎಂಟು ತುಂಬಿದಾಗ ಮತ್ತೆ ಅದೇ ಲೋಟಕ್ಕೆ ಸುರಿದು ತೋರಿಸಿದೆ. ನಕ್ಕುಬಿಟ್ಟಳು. 'ಅತ್ತೆ, ಲೋಟ ಸಣ್ಣಕಿದೆ, ಅದಕ್ಕೇ ಮೇಲಕ್ಕೆ ಬಂತು. ಇರೋದು ಅಷ್ಟೇ' ಅಂದಳು.