ಹತ್ತು ರೂಪಾಯಿ ನಾಣ್ಯ ನಕಲಿಯಾ? ಆರ್‌ಬಿಐ ಹೆಸರಿನ ಮೇಲ್ ಅಸಲಿಯಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಿಮ್ಮೂರಿನ ಅಂಗಡಿಗಳಲ್ಲಿ 10 ರೂಪಾಯಿ ನಾಣ್ಯ 'ಡೂಪ್ಲಿಕೇಟ್' ಅಂತ ವಾಪಸ್ ಕೊಡುತ್ತಾರೆ, ಅಸಲಿ ಗುರುತಿಸುವುದು ಹೇಗೆ ಅನ್ನುವುದು ಒಂದು. ನಿಮ್ಮ ತಂದೆಗೆ ಆರ್‌ಬಿಐ ಹೆಸರಿನಲ್ಲಿ ಮೇಲ್ ಬಂದಿದೆ, ವೈಷ್ಣೋದೇವಿ ಚಿತ್ರವಿರುವ 5 ರೂಪಾಯಿ ನಾಣ್ಯಕ್ಕೆ 10 ಲಕ್ಷ ಕೊಡುತ್ತಾರಂತೆ, ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ, ಇದು ನಿಜವಾ ಅನ್ನುವುದು ಇನ್ನೊಂದು.

ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಅದಕ್ಕೆ ಅವಸರ ಇದೆ. ಅದು ಶುದ್ಧ ಮೋಸ. ಒಂದು ಪೈಸೆಯನ್ನೂ ಕಟ್ಟಬೇಡಿ.

ಈಗ ನಾಣ್ಯದ ವಿಷಯ. ಗಲಾಟೆ ಶುರುವಾಗುವುದೇ ನಾಣ್ಯಗಳು ಒಂದೇ ಥರ ಇಲ್ಲ ಅನ್ನುವುದರಿಂದ. ಒಂದರಲ್ಲಿ ₹ ಚಿಹ್ನೆ ಇದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಕಿರಣದಂತೆ ಹರಡಿದ 10 ಗೆರೆ, ಇನ್ನೊಂದರಲ್ಲಿ 15 ಗೆರೆ. '15 ಗೆರೆ ಇದ್ದದ್ದು ನಕಲಿ' ಅಂತ ಯಾರೋ ವಾಟ್ಸಾಪಿನಲ್ಲಿ ಹರಿಯಬಿಟ್ಟರು, ಊರೆಲ್ಲಾ ಅದನ್ನೇ ಹಿಡಿದುಕೊಂಡಿತು. ₹ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಲ್ಲಿ. ಅದಕ್ಕೂ ಮುಂಚಿನ ನಾಣ್ಯದಲ್ಲಿ ಅದು ಎಲ್ಲಿಂದ ಬರಬೇಕು, ಹೇಳಿ? ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹೇಳಿಕೆ ಕೊಟ್ಟಿತು: ಅಲ್ಲಿಯವರೆಗೆ 10 ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಚಲಾವಣೆಯಲ್ಲಿವೆ, ಹದಿನಾಲ್ಕೂ ಅಸಲಿ.

ಹಾಗಂತ ನಕಲಿ ನಾಣ್ಯವೇ ಇಲ್ಲ ಅಂತಲ್ಲ. 2016ರಲ್ಲಿ ದೆಹಲಿಯಲ್ಲಿ ನಕಲಿ ನಾಣ್ಯ ಅಚ್ಚು ಹಾಕುವ ಕಾರ್ಖಾನೆಯೇ ಸಿಕ್ಕಿಬಿದ್ದಿತ್ತು. ಆದರೆ ಗೆರೆ ಎಣಿಸಿ ನಕಲಿ ಹಿಡಿಯುತ್ತೇನೆ ಅನ್ನುವುದು ಸುಮ್ನೆ ಮಾತು. ನೋಡಬೇಕಾದ್ದು ಬೇರೆ. 10 ರೂಪಾಯಿಯದು ಎರಡು ಲೋಹದ ನಾಣ್ಯ, ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ಅಳತೆ 27 ಮಿಲಿಮೀಟರ್, ತೂಕ ಸುಮಾರು 7.7 ಗ್ರಾಂ. ಬಳೆ ಮತ್ತು ಬಿಲ್ಲೆ ಸೇರುವಲ್ಲಿ ಸಂದಿ ಕಾಣಿಸಿದರೆ, ಅಕ್ಷರ ಮಸುಕಾಗಿ ಊದಿಕೊಂಡಂತೆ ಇದ್ದರೆ, ಆಗ ಅನುಮಾನಪಡಿ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಗುರುತಿಲ್ಲ ಅಂತ ಕೋಲ್ಕತ್ತದ ನಾಣ್ಯವನ್ನು ನಕಲಿ ಮಾಡಿದವರನ್ನೂ ಕೌಂಟರಿನಲ್ಲಿ ನೋಡಿದ್ದೇನೆ!

ನಿಜ ಹೇಳಬೇಕೆಂದರೆ, ಅಂಗಡಿಯವರಲ್ಲಿ ಜಾಸ್ತಿ ಜನಕ್ಕೆ ನಾಣ್ಯ ಅಸಲಿ ಅಂತ ಗೊತ್ತು. ಅವರ ತೊಂದರೆ ಬೇರೆ. ಹೋಲ್‌ಸೇಲ್‌ನವನು ತಗೊಳ್ಳಲ್ಲ, ಬ್ಯಾಂಕಿಗೆ ಒಯ್ದರೆ 'ಎಣಿಸೋರು ಯಾರು, ನಾಳೆ ಬನ್ನಿ' ಅನ್ನುತ್ತಾರೆ. ಹೀಗೆ ಅನ್ನುವುದು ತಪ್ಪು. ಎಲ್ಲ ಶಾಖೆಗಳೂ ನಾಣ್ಯ ತಗೊಳ್ಳಲೇಬೇಕು ಅಂತ ಆರ್‌ಬಿಐ ಮತ್ತೆ ಮತ್ತೆ ಸೂಚಿಸಿದೆ. ನಿಮ್ಮ ಅಂಗಡಿಯವರಿಗೆ ಒಂದು ಉಪಾಯ ಹೇಳಿ: ನೂರು ನೂರರ ಪೊಟ್ಟಣ ಕಟ್ಟಿಕೊಂಡು, ತಿಂಗಳ ಮೊದಲ ವಾರ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಹೋಗಲಿ. ದೇವಸ್ಥಾನದ ಹುಂಡಿ ಎಣಿಸಿ ತರುವವರು ಹೀಗೇ ತರುತ್ತಿದ್ದರು, ಅವರನ್ನು ನಾವು ಒಂದು ದಿನವೂ ವಾಪಸ್ ಕಳಿಸಲಿಲ್ಲ. ಆಗಲೂ ಬೇಡ ಅಂದರೆ ಶಾಖೆಯ ಮ್ಯಾನೇಜರಿಗೆ ಬರಹದಲ್ಲಿ ದೂರು ಕೊಡಲಿ, ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ.

ಇನ್ನೊಂದು ಮಾತು. ನಾಣ್ಯ ಬೇಡ ಅಂದವರ ಮೇಲೆ ದೇಶದ್ರೋಹದ ಕೇಸ್ ಹಾಕಬಹುದು ಅಂತಲೂ ಒಂದು ಫಾರ್ವರ್ಡ್ ಓಡಾಡುತ್ತಿದೆ. ದೇಶದ್ರೋಹಕ್ಕೂ ಚಿಲ್ಲರೆಗೂ ಏನು ಸಂಬಂಧ? ಅದನ್ನು ತೋರಿಸಿ ಅಂಗಡಿಯವರನ್ನು ಹೆದರಿಸಬೇಡಿ. ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳು 1,000 ರೂಪಾಯಿ ಮೊತ್ತದವರೆಗೆ ಕಾನೂನುಬದ್ಧ ಹಣ. ಅಷ್ಟು ಹೇಳಿದರೆ ಸಾಕು.

ನನಗೆ ಬೇಜಾರಾಗುವುದು ಒಂದಕ್ಕೆ. ಸರ್ಕಾರದ ಟಂಕಸಾಲೆಯಿಂದ ಬಂದ ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡುವ ಜನ, ಲೋಗೋ ಅಂಟಿಸಿದ ಮೇಲ್ ಬಂದರೆ ಕಣ್ಣು ಮುಚ್ಚಿ ನಂಬುತ್ತಾರೆ. ವೈಷ್ಣೋದೇವಿ ನಾಣ್ಯ 2012ರ ಇಸವಿಯದು, ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ ತಂದದ್ದು. ಚಲಾವಣೆಗೇ ಬಿಟ್ಟ ನಾಣ್ಯ, ಎಷ್ಟೋ ಮನೆಗಳಲ್ಲಿ ಇದೆ. ಅದಕ್ಕೆ 10 ಲಕ್ಷ ಯಾರು ಕೊಡುತ್ತಾರೆ? ಈ ಮೋಸ ಎಷ್ಟು ಹಬ್ಬಿತ್ತು ಅಂದರೆ, 2021ರ ಆಗಸ್ಟ್‌ನಲ್ಲಿ ಆರ್‌ಬಿಐ ಎಚ್ಚರಿಕೆಯನ್ನೇ ಕೊಟ್ಟಿತು. ಹಳೆಯ ನೋಟು, ನಾಣ್ಯದ ವ್ಯಾಪಾರ ನಾವು ಮಾಡುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದಿಲ್ಲ, ನಮ್ಮ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ.

ಇವರ ಆಟ ಮೊದಲು ಸಣ್ಣ ಮೊತ್ತದಿಂದ ಶುರುವಾಗುತ್ತದೆ. ಕಟ್ಟಿದ ಮೇಲೆ ಜಿಎಸ್‌ಟಿ, ಆಮೇಲೆ ಟಿಡಿಎಸ್, ಆಮೇಲೆ ಹಣ ತರುವ ಗಾಡಿಗೆ ವಿಮೆ. ಪ್ರತಿ ಸಲವೂ 'ಇದೇ ಕೊನೆ' ಅನ್ನುತ್ತಾರೆ. ಕಟ್ಟಿದ ಹಣ ಹೋಗುತ್ತದಲ್ಲಾ ಅನ್ನುವ ಸಂಕಟಕ್ಕೇ ಜನ ಮತ್ತೆ ಕಟ್ಟುತ್ತಾರೆ. ನಿಮ್ಮ ತಂದೆಗೆ ಬಂದ ಮೇಲ್‌ನಲ್ಲಿ ಕಳಿಸಿದವರ ಹೆಸರಿನ ಮೇಲೆ ಒತ್ತಿ, ಪೂರ್ತಿ ವಿಳಾಸ ನೋಡಿ. ಹೆಸರು 'ಆರ್‌ಬಿಐ ಗವರ್ನರ್' ಅಂತ ಇದ್ದರೂ ವಿಳಾಸ ಹೆಚ್ಚಾಗಿ ಜಿಮೇಲ್‌ನದೇ ಇರುತ್ತದೆ. ಉತ್ತರ ಬರೆಯಬೇಡಿ, ಬೈದೂ ಬರೆಯಬೇಡಿ. ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ಅವರಿಗೆ ಗೊತ್ತಾದರೆ ಮೇಲ್‌ಗಳು ಇನ್ನೂ ಜಾಸ್ತಿ ಆಗುತ್ತವೆ.

ಮನೆಯಲ್ಲಿ ನಿಜವಾಗಿಯೂ ಹಳೆಯ ನಾಣ್ಯ ಇದ್ದರೆ ಅದು ಬೇರೆ ಮಾತು. ಅಜ್ಜಿಯ ಕಾಲದ ರಾಣಿ ಛಾಪಿನ ರೂಪಾಯಿಯಲ್ಲಿ 11.66 ಗ್ರಾಂ ತೂಕ, ಅದರಲ್ಲಿ ಶೇ. 91ಕ್ಕಿಂತ ಹೆಚ್ಚು ಬೆಳ್ಳಿ. ಅದಕ್ಕೆ ಬೆಳ್ಳಿಯ ಬೆಲೆಯಂತೂ ಇದ್ದೇ ಇದೆ. ಅದನ್ನು ಹಿಡಿದು ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ಹೋಗಿ, ಎರಡು ಮೂರು ಕಡೆ ಕೇಳಿ. ಕೊಳ್ಳುವವನು ನಿಮಗೆ ಹಣ ಕೊಡಬೇಕು, ನೀವು ಅವನಿಗಲ್ಲ.

ತಂದೆ ಈಗಾಗಲೇ ಕಟ್ಟಿಬಿಟ್ಟಿದ್ದರೆ ಬೈಯಬೇಡಿ, ಬೈದರೆ ಎಷ್ಟು ಕಟ್ಟಿದೆ ಅಂತ ಪೂರ್ತಿ ಹೇಳುವುದಿಲ್ಲ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ಹಣ ಹೋದ ದಿನ, ಹೊತ್ತು, ಮೊತ್ತ, ವಹಿವಾಟಿನ ನಂಬರ್ ಬರೆದಿಟ್ಟುಕೊಂಡೇ ಕರೆ ಮಾಡಿ. ಬ್ಯಾಂಕಿಗೂ ಅದೇ ದಿನ ತಿಳಿಸಿ. ಮೇಲ್ ಅಳಿಸಬೇಡಿ, ಪೊಲೀಸರು ಕೇಳುತ್ತಾರೆ.